ತೊರವಿ ರಸ್ತೆಯ ರೋಡ್‌ಕಿಂಗಿಗೆ ಯಾವ ಪೆಟ್ರೋಲು?

ಸ್ಪೋರ್ಟ್ಸ್ ಕಾರಿನಲ್ಲಿ ದಿನಾ ಅಂಗಡಿಗೆ ಹೋಗಿಬರುವ ಸಾವುಕಾರರು ಬೆಂಗಳೂರು, ಮುಂಬಯಿ ಕಡೆ ಇದ್ದಾರು. ನಮ್ಮ ಅಥಣಿ ರಸ್ತೆಯಲ್ಲಿ ಆ ಶೋಕಿ ತೀರಿಸುವುದು ಎರಡು ಗಾಲಿಯ ಗಾಡಿ, ಯೆಜ್ಡಿ ರೋಡ್‌ಕಿಂಗು. ಮುಂಜಾನೆ ತೊರವಿ ಬಸ್ಸಿನ ಕಿಡಕಿ ಪಕ್ಕ ಕೂತವರಿಗೆ ಅದರ ಜೋಡಿ ಸೈಲೆನ್ಸರಿನ ಸಪ್ಪಳ ಹೊಸದಲ್ಲ. ಗಾಡಿ ಕಾಣುವ ಮೊದಲೇ ಕಿವಿಗೆ ಬಿದ್ದಿರುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1978ರಲ್ಲಿ ರೋಡ್‌ಕಿಂಗನ್ನು ಹೊರತಂದಿತು. 250 ಸಿ.ಸಿ., ಟೂ ಸ್ಟ್ರೋಕ್ ಇಂಜಿನು. ರ್‍ಯಾಲಿಗಳಲ್ಲಿ ಓಡಿ ಹೆಸರು ಮಾಡಿದ ಗಾಡಿ. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. (2022ರಲ್ಲಿ ಯೆಜ್ಡಿ ಹೆಸರಿನಲ್ಲೇ ಬಂದ ಹೊಸ ಗಾಡಿಗಳ ಮಾತು ಬೇರೆ.) ಅಂದರೆ ತೀರ ಎಳೆಯ ರೋಡ್‌ಕಿಂಗಿಗೂ ಮೂವತ್ತರ ಹತ್ತಿರ ವಯಸ್ಸು. ಇಂಥ ಗಾಡಿಯನ್ನು ಹಬ್ಬಕ್ಕೊಮ್ಮೆ ಒರೆಸಿ ನಿಲ್ಲಿಸದೆ ದಿನದ ವ್ಯಾಪಾರಕ್ಕೆ ದುಡಿಸುವವರಿಗೆ ಈಗ ಒಂದೇ ಚಿಂತೆ, ಟಾಕಿಗೆ ಏನು ಹಾಕಿಸಬೇಕು?

ಚಿಂತೆಗೆ ಕಾರಣವಿದೆ. 20 ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2030ರ ಗುರಿ ಎಂದಿದ್ದದ್ದು 2025ಕ್ಕೇ ಮುಟ್ಟಿತು. ಈಗ ಸಾದಾ ಪೆಟ್ರೋಲು ಎಂದರೆ ಅದೇ. ಕಬ್ಬಿನಿಂದ, ಗೋವಿನಜೋಳದಿಂದ ಇಳಿಸಿದ ಎಥನಾಲು. ಬಬಲೇಶ್ವರ ಕಡೆ ಕಬ್ಬು ಬೆಳೆದ ಅಪ್ಪ ಅದು ಬರಲಿ ಅನ್ನುತ್ತಾನೆ, ಯೆಜ್ಡಿ ಹತ್ತಿದ ಮಗ ಬೇಡ ಅನ್ನುತ್ತಾನೆ. ಒಂದೇ ಮನೆಯಲ್ಲಿ ಎರಡು ಪಕ್ಷ!

ತೊರವಿಯಿಂದ ದಿನಾ ಪೇಟೆಗೆ ಬರುವ ಅಂಗಡಿಕಾರರೊಬ್ಬರು ಹೇಳಿದ್ದು: "ತಮ್ಮಾ, ಪವರ್ ಪೆಟ್ರೋಲ್ ಹಾಕ್ಸಿದ್ರ ಇಂಜಿನ್ ಉಳಿತೈತಿ ಅಂತಾರ. ರೊಕ್ಕ ಹೋದ್ರ ಹೋಗ್ಲಿ, ಗಾಡಿ ಉಳೀಲಿ ಅಂತ ಹಾಕ್ಸಾಕತ್ತೀನಿ."

ಇಲ್ಲೇ ಗೊಂದಲ. ಪಂಪಿನ ಮೇಲೆ ಬರೆದ 91, 95 ಎಂಬ ಅಂಕಿ ಆಕ್ಟೇನ್. ಅದು ಶಕ್ತಿಯ ಅಳತೆಯಲ್ಲ. ಸಿಲಿಂಡರಿನಲ್ಲಿ ಒತ್ತಿದಾಗ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯದೆ ಎಷ್ಟು ತಾಳುತ್ತದೆ ಎಂಬುದರ ಲೆಕ್ಕ. ಬಿಗಿಯಾಗಿ ಒತ್ತುವ ಟರ್ಬೊ ಇಂಜಿನಿನ ಸ್ಪೋರ್ಟ್ಸ್ ಕಾರಿಗೆ ಹೆಚ್ಚಿನ ಆಕ್ಟೇನ್ ಬೇಕೇ ಬೇಕು, ಕಂಪನಿಯ ಪುಸ್ತಕದಲ್ಲೇ ಬರೆದಿರುತ್ತದೆ. ಹಳೆಯ ಯೆಜ್ಡಿಗೆ ಅದರಿಂದ ಬರುವ ಲಾಭ ಏನೂ ಇಲ್ಲ. ಮೇಲಾಗಿ ಎಥನಾಲಿನಿಂದ ಆಕ್ಟೇನ್ ತಾನಾಗಿಯೇ ಏರುತ್ತದೆ. 91 ಇದ್ದದ್ದು 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಮಂತ್ರಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಬಹಳಷ್ಟು ದುಬಾರಿ ಪೆಟ್ರೋಲಿನಲ್ಲೂ ಎಥನಾಲ್ ಇದ್ದೇ ಇರುತ್ತದೆ. ನಮ್ಮ ಅಂಗಡಿಕಾರರು ಹೆಚ್ಚಿಗೆ ಕೊಟ್ಟ ರೊಕ್ಕ ರೋಗಕ್ಕೆ ಸಂಬಂಧವಿಲ್ಲದ ಔಷಧಕ್ಕೆ ಹೋಯಿತು.

ಎಥನಾಲ್ ಇಲ್ಲದ್ದು ಬೇಕೆಂದರೆ 100 ಆಕ್ಟೇನಿನ ಎಕ್ಸ್‌ಪಿ 100 ಇದೆ. ಇಂಡಿಯನ್ ಆಯಿಲ್ ಅದನ್ನು 2020ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಬಿಟ್ಟಾಗಲೇ ಲೀಟರಿಗೆ ₹160. ಅಂಗಡಿ ಲೆಕ್ಕ ಹಾಕಿ ನೋಡೋಣ. ತೊರವಿಯಿಂದ ಹೋಗಿಬರಲು ದಿನಕ್ಕೆ 12 ಕಿ.ಮೀ. ಹಿಡಿದರೆ 26 ದಿನಕ್ಕೆ 312. ಲೀಟರಿಗೆ 30 ಕೊಡುವ ಗಾಡಿಗೆ ಹತ್ತೂವರೆ ಲೀಟರು ಸಾಕು. ಎಥನಾಲಿನಲ್ಲಿ ಕಸುವು ಮೂರರಲ್ಲಿ ಒಂದು ಪಾಲು ಕಡಿಮೆ, ಹಾಗಾಗಿ 20 ಪಾಲು ಬೆರೆತದ್ದರಲ್ಲಿ 30 ಇದ್ದದ್ದು 28ಕ್ಕೆ ಇಳಿಯುತ್ತದೆ ಎನ್ನೋಣ. ತಿಂಗಳಿಗೆ ಮುಕ್ಕಾಲು ಲೀಟರು ಹೆಚ್ಚು, ಅಂದರೆ ಎಂಬತ್ತು ರೂಪಾಯಿಯೊಳಗೆ. ಎಕ್ಸ್‌ಪಿ 100 ಹಾಕಿಸಿದರೆ, ಆ ಮುಕ್ಕಾಲು ಲೀಟರು ಉಳಿದರೂ ತಿಂಗಳಿಗೆ ಐದುನೂರರ ಸುಮಾರು ಹೆಚ್ಚಿಗೆ ತೆರಬೇಕು. ಎಂಬತ್ತರ ನಷ್ಟ ತಪ್ಪಿಸಲು ಐದುನೂರು ಕೊಡುವ ವ್ಯಾಪಾರ ಯಾವ ಸಾವುಕಾರ ಮಾಡಿಯಾನು?

ಹಾಗೆಂದು ಹೆದರಿಕೆ ಸುಳ್ಳಲ್ಲ. ಹೆದರಬೇಕಾದದ್ದು ನೀರಿಗೆ.

ಎಥನಾಲು ನೀರನ್ನು ಎಳೆದುಕೊಳ್ಳುತ್ತದೆ, ಗಾಳಿಯ ತೇವವನ್ನೂ ಬಿಡುವುದಿಲ್ಲ. ಸ್ವಲ್ಪ ನೀರಾದರೆ ಕರಗಿಸಿಕೊಂಡು ಸುಮ್ಮನಿರುತ್ತದೆ. ಹೆಚ್ಚಾಯಿತೋ, ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ಟಾಕಿಯ ತಳಕ್ಕೆ ಇಳಿಯುತ್ತದೆ. ಕಾಕ್ ಇರುವುದೂ ತಳದಲ್ಲೇ. ಫೋರ್ ಸ್ಟ್ರೋಕ್ ಗಾಡಿಯಾದರೆ ದಾರಿಯಲ್ಲಿ ಬಂದ್ ಬಿದ್ದೀತು, ಅಷ್ಟೇ. ಯೆಜ್ಡಿಯ ಕಥೆ ಹಾಗಲ್ಲ. ಬಹಳಷ್ಟು ಯೆಜ್ಡಿಗಳಿಗೆ 2ಟಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಹಾಕಬೇಕು, ಪಿಸ್ಟನ್ನಿಗೆ ಜಾರು ಸಿಗುವುದು ಅದರಿಂದಲೇ. ಆ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿದು, ಕಾರ್ಬುರೇಟರಿಗೆ ತಳದ ನೀರು-ಎಥನಾಲೇ ಹೋದರೆ ಇಂಜಿನು ಒಣಗಿ ಓಡುತ್ತದೆ. ಪಿಸ್ಟನ್ ಹಿಡಿದರೆ ಬೋರಿಂಗ್, ಹೊಸ ಪಿಸ್ಟನ್, ರಿಂಗು. ಕಾರ್ಖಾನೆ ಮುಚ್ಚಿದ ಗಾಡಿಗೆ ಅವನ್ನು ಹುಡುಕುವ ಪಾಡು ಹೊಂದಿದವರಿಗೇ ಗೊತ್ತು.

ದಿನಾ ಓಡಿಸುವವರಿಗೆ ಇಲ್ಲೊಂದು ಅನುಕೂಲ. ವಾರದಲ್ಲಿ ಖರ್ಚಾಗುವ ಪೆಟ್ರೋಲಿಗೆ ತೇವ ಹಿಡಿಯಲು ಪುರಸೊತ್ತೇ ಇಲ್ಲ. ನಿಂತ ಗಾಡಿಗೇ ಕಾಟ ಹೆಚ್ಚು. ಗ್ಯಾರೇಜಿನ ಮಿಸ್ತ್ರಿಯೊಬ್ಬರ ಮಾತು ಕೇಳಿ: "ಕಾಕಾ, ತಿಂಗಳಾನಗಟ್ಲೆ ನಿಂದ್ರಸೂದಿದ್ರ ಕಾಕ್ ಬಂದ್ ಮಾಡಿ ತಾನ ಆರೂತನಾ ಚಾಲೂ ಇಡ್ರಿ. ಕಾರ್ಬುರೇಟರ್ ಖಾಲಿ ಆಗ್ಲಿ. ಟಾಕಿ ಮುಚ್ಚಳದ ವಾಶರ್ ನೋಡ್ರಿ, ಮಳಿನೀರು ಹೋಗೂದು ಅಲ್ಲಿಂದನ."

ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ವಾಶರ್ ಬದಲಿಸುವುದು ಒಳ್ಳೆಯದು. ಪೈಪು, ಗ್ಯಾಸ್ಕೆಟ್ ಕೂಡ. ಹಳೆಯ ಗಾಡಿಗಳ ಕೆಲವು ರಬ್ಬರ್ ಸಾಮಾನು 20ರಿಂದ 30 ಸಾವಿರ ಕಿ.ಮೀ. ಆದ ಮೇಲೆ ಬದಲಿಸಬೇಕಾದೀತು ಎಂದು ಮಂತ್ರಾಲಯ ಹೇಳಿದೆ. ತೊರವಿ ಲೆಕ್ಕದಲ್ಲಿ ಅದಕ್ಕೆ ಐದರಿಂದ ಎಂಟು ವರ್ಷ ಬೇಕು. ಆದರೆ ಮೂವತ್ತು ವರ್ಷದ ರಬ್ಬರು ಕಿಲೋಮೀಟರು ಎಣಿಸುತ್ತ ಕೂರುವುದಿಲ್ಲ. ಪ್ಲಗ್ಗನ್ನೂ ಬಿಚ್ಚಿ ನೋಡಿ. ತುದಿ ಕಾಫಿ ಬಣ್ಣ ಇದ್ದರೆ ಸರಿ, ಬಿಳಿಚಿದ್ದರೆ ಇಂಜಿನಿಗೆ ಪೆಟ್ರೋಲು ಸಾಲುತ್ತಿಲ್ಲ, ಜೆಟ್ ಒಂದು ನಂಬರು ದೊಡ್ಡದು ಬೇಕಾದೀತು.

ಪಂಪಿನಲ್ಲಿ ಸಂಶಯ ಬಂದರೆ ಫಿಲ್ಟರ್ ಕಾಗದದ ಪರೀಕ್ಷೆ, ಐದು ಲೀಟರಿನ ಅಳತೆ ಕೇಳುವುದು ಗಿರಾಕಿಯ ಹಕ್ಕು, ಅದಕ್ಕೆ ರೊಕ್ಕ ಕೊಡಬೇಕಿಲ್ಲ. ಆದರೆ ಎಥನಾಲ್ ಬೇಡ, ಸಾದಾ ದರದಲ್ಲೇ ಕೊಡಿ ಎನ್ನುವ ಹಕ್ಕು ಮಾತ್ರ ಸಿಕ್ಕಿಲ್ಲ. ಅಂಥ ಪೆಟ್ರೋಲೂ ಪಂಪಿನಲ್ಲಿರಬೇಕು, ಎಥನಾಲ್ ಎಷ್ಟು ಬೆರೆತಿದೆ ಎಂದು ಚೀಟಿ ಅಂಟಿಸಬೇಕು ಎಂದು ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಚೀಟಿಯನ್ನಾದರೂ ಅಂಟಿಸಲು ಯಾರಿಗೆ ಏನು ಕಷ್ಟವಿತ್ತೋ ನಮಗೆ ತಿಳಿಯದು.