ಪರರ ಪದ, ತಮ್ಮ ಕೊರಳು

ಗಾವಡಗೆರೆ ಹೋಬಳಿಯ ನಮ್ಮೂರಿನ ಜಗುಲಿಯ ಮೇಲೆ ಮಂಟೇಸ್ವಾಮಿಯ ಕಥೆಯನ್ನು ಇರುಳೆಲ್ಲ ಹಾಡುತ್ತಿದ್ದ ನೀಲಗಾರರೊಬ್ಬರು, ಒಂದು ಕೈಯಲ್ಲಿ ತಂಬೂರಿಯನ್ನು ಮೀಟುತ್ತ, ಇನ್ನೊಂದು ಕೈಯ ಗಗ್ಗರವನ್ನು ಝಲ್ಲೆನಿಸುತ್ತ, ಹಿಮ್ಮೇಳದವರು ಸೊಲ್ಲೆತ್ತಿಕೊಳ್ಳುವವರೆಗೆ ಕಣ್ಮುಚ್ಚಿ ಕಾದಿರುತ್ತಿದ್ದ ಆ ಭಂಗಿ ನನ್ನ ಸ್ಮೃತಿಯಲ್ಲಿ ಇಂದಿಗೂ ಅಚ್ಚಳಿಯದೆ ನಿಂತಿದೆ. ಆ ಪದವನ್ನು ಕಟ್ಟಿದವರು ಯಾರೆಂದು ಕೇಳಿದವರಿಲ್ಲ. ಗುರುವಿನಿಂದ ಬಂದುದೆಂಬುದೇ ಅದಕ್ಕೆ ಸಾಕಾದ ಪ್ರಮಾಣವಾಗಿದ್ದಿತು.

ಅಮೆರಿಕದ ಡ್ರೈವ್-ಬೈ ಟ್ರಕರ್ಸ್ ತಂಡದ 'ದಿ ಫೈನ್ ಪ್ರಿಂಟ್' ಎಂಬ ಸಂಕಲನವನ್ನು ಕೇಳುವಾಗ ನನಗೆ ಈ ನೆನಪು ಮರುಕಳಿಸಿತು. 2009ರಲ್ಲಿ ಹೊರಬಂದ ಇದರಲ್ಲಿ, 2003ರಿಂದ 2008ರವರೆಗಿನ ಆಲ್ಬಮ್‌ಗಳಲ್ಲಿ ಎಡೆ ದೊರೆಯದೆ ಉಳಿದ ಸ್ವಂತ ಹಾಡುಗಳೂ, ಬಾಬ್ ಡಿಲನ್, ಟಾಮ್ ಪೆಟ್ಟಿ ಮೊದಲಾದವರಿಂದ ಎರವು ತಂದ ಹಾಡುಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನು ರಾಕ್ ಮತ್ತು ಪಂಕ್‌ಗಳ ಉಗ್ರತೆಯೊಡನೆ ಬೆಸೆದ ಈ ಮಾರ್ಗಕ್ಕೆ ಆಲ್ಟ್-ಕಂಟ್ರಿ ಎಂದು ಹೆಸರು. ಇದರ ಮೂಲವೆಂದು ಅನೇಕರು ಎಣಿಸುವ ಅಂಕಲ್ ಟುಪೆಲೋ ತಂಡದ 1990ರ ಆಲ್ಬಮ್ 'ನೋ ಡಿಪ್ರೆಶನ್' ತನ್ನ ಹೆಸರನ್ನು ಪಡೆದುದೇ ಕಾರ್ಟರ್ ಕುಟುಂಬವು 1936ರಲ್ಲಿ ಧ್ವನಿಮುದ್ರಿಸಿದ ಹಳೆಯ ಭಕ್ತಿಗೀತೆಯಿಂದ. ಎರವು ಇಲ್ಲಿ ದಾರಿದ್ರ್ಯದ ಗುರುತಲ್ಲ, ವಂಶದ ಗುರುತು.

ನಮ್ಮಲ್ಲಿ ಇದಕ್ಕೆ ಸಮೀಪವಾದುದನ್ನು ಅರಸುವವರು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ 2008ರ ಮೊದಲ ಆಲ್ಬಮ್ಮನ್ನು ಕೇಳಬೇಕು. ಹೊಸ ಗೀತೆಗಳ ನಡುವೆ ಅಲ್ಲಿ ಶಿಶುನಾಳ ಷರೀಫರ 'ಸೋರುತಿಹುದು ಮನೆಯ ಮಾಳಿಗಿ' ಇದೆ. 1819ರಲ್ಲಿ ಹುಟ್ಟಿ 1889ರಲ್ಲಿ ಕಾಲವಾದ ಷರೀಫರ ಪದಗಳು ಭಜನೆಯವರ ಬಾಯಲ್ಲಿ ಉಳಿದುಬಂದು, ಅನಂತರ ಸಿ. ಅಶ್ವತ್ಥರ ತುಂಬುಗಂಠದಿಂದ ನಾಡಿನ ಮನೆಮನೆಯನ್ನು ಹೊಕ್ಕವು. ಅಷ್ಟು ಪ್ರಬಲವಾದ ಕೊರಳಿನ ಬಳಿಕ ಅದೇ ಪದವನ್ನು ಗಿಟಾರಿನೊಡನೆ ಹೊಸದಾಗಿ ಹಾಡುವುದಕ್ಕೆ ಧೈರ್ಯವೂ ಬೇಕು, ವಿನಯವೂ ಬೇಕು. ದೀಕ್ಷಿತರಲ್ಲಿ ಎರಡೂ ಇವೆಯೆಂದು ನನ್ನ ದೃಢವಾದ ಅಭಿಪ್ರಾಯ.

ಇನ್ನು, 'ದಿ ಫೈನ್ ಪ್ರಿಂಟ್'ನಲ್ಲಿರುವಂತೆ ಎಡೆ ದೊರೆಯದೆ ಉಳಿದ ಹಾಡುಗಳ ಮಾತು ಬಂದಾಗ ಮನಸ್ಸು ಮತ್ತೆ ಆ ಜಗುಲಿಗೇ ಹೋಗುತ್ತದೆ. ಕಥೆ ಮುಗಿದು, ಮಂಗಳವೂ ಆಗಿ, ಕೇಳುಗರು ಕಂಬಳಿ ಕೊಡವಿ ಎದ್ದ ಮೇಲೆ, ತಂಬೂರಿಯನ್ನು ಗವಸಿಗೆ ಸೇರಿಸುವ ಮುನ್ನ ಆ ನೀಲಗಾರರು ಕಥೆಗೆ ಸೇರದ ಒಂದೆರಡು ತತ್ತ್ವಪದಗಳನ್ನು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು. ಆಗ ಹಿಮ್ಮೇಳವಿರುತ್ತಿರಲಿಲ್ಲ, ಗಗ್ಗರವೂ ಮೆಲ್ಲನೆ ನುಡಿಯುತ್ತಿದ್ದಿತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನಾನು ಕೇಳುತ್ತಿದ್ದೆ.