ಜೋಲ್ಪಿಡೆಮ್: ಒಂದು ಅಲ್ಪಾವಧಿ ನಿದ್ರೌಷಧ

ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ಹಗಲಿರುಳೂ ನಡೆಯುತ್ತವೆ. ರಾತ್ರಿಪಾಳಿ ಮುಗಿಸಿ ಸುಲೇಪೇಟದಂತಹ ಊರಿಗೆ ಮರಳಿದವನಿಗೆ ಹಗಲುನಿದ್ರೆ ದುರ್ಲಭ. ನಿದ್ರಾಹೀನತೆಗೆ ವೈದ್ಯರು ಕೆಲದಿನಗಳ ಮಟ್ಟಿಗೆ ಜೋಲ್ಪಿಡೆಮ್ ಗುಳಿಗೆಯನ್ನು ವಿಧಿಸುವುದುಂಟು. ಮಿದುಳಿನಲ್ಲಿ ಗಾಬಾ ಎಂಬ ಶಾಮಕ ದ್ರವ್ಯದ ಕಾರ್ಯವನ್ನು ವರ್ಧಿಸಿ ಇದು ಬೇಗನೆ ನಿದ್ರೆ ತರುತ್ತದೆ. ಸೇವಿಸಿದ ಮೇಲೆ ಏಳೆಂಟು ಗಂಟೆಗಳ ವಿಶ್ರಾಂತಿಗೆ ಅವಕಾಶವಿರಬೇಕು. ಇಲ್ಲವಾದರೆ ಎದ್ದ ಬಳಿಕವೂ ಮಂಪರು, ಮರೆವು ಉಳಿದು, ವಾಹನ ನಡೆಸುವವನಿಗೂ ಯಂತ್ರದೆದುರು ನಿಲ್ಲುವವನಿಗೂ ಅಪಾಯಕರವಾಗುವುದು. ಸ್ತ್ರೀಯರ ದೇಹದಿಂದ ಔಷಧವು ನಿಧಾನವಾಗಿ ಹೊರಹೋಗುವುದರಿಂದ, 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅವರ ಆರಂಭದ ಪ್ರಮಾಣವನ್ನು 10ರಿಂದ 5 ಮಿಲಿಗ್ರಾಮಿಗೆ ಇಳಿಸಿತು. 2019ರಲ್ಲಿ ನಿದ್ರೆಯಲ್ಲಿಯೇ ನಡೆದಾಡುವ ಪ್ರಸಂಗಗಳ ಬಗೆಗೆ ತೀವ್ರ ಎಚ್ಚರಿಕೆ ನೀಡಿತು. ದೀರ್ಘಕಾಲ ಸೇವಿಸಿದರೆ ಅವಲಂಬನೆಯೂ, ಥಟ್ಟನೆ ಬಿಟ್ಟರೆ ಮತ್ತೆ ನಿದ್ರಾಭಂಗವೂ ಉಂಟಾಗಬಹುದು. ಆದುದರಿಂದಲೇ ಭಾರತದಲ್ಲಿ ಇದನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಗುಳಿಗೆಯು ಕೆಲದಿನಗಳ ನಿದ್ರೆಯನ್ನು ಕೊಡಬಲ್ಲುದು. ಪಾಳಿಯು ಕೆಡಿಸಿದ ದೇಹದ ಕಾಲಕ್ರಮವನ್ನು ಸರಿಪಡಿಸಲಾರದು.