ಘಟ್ಟ ಹತ್ತಿದ ಮೀನು

ಗೋವಿನಜೋಳದ ಹೊಲ, ಭತ್ತದ ಗದ್ದೆಗಳ ನಡುವಿನ ಬಮ್ಮಿಗಟ್ಟಿಗೆ ಕಡಲು ಬರುವುದು ವಾಸನೆಯಾಗಿ. ಒಣಮೀನಿನ ಬುಟ್ಟಿ ಇಳಿಯಿತೆಂದರೆ ಮೊದಲು ಬೆಕ್ಕು, ಆಮೇಲೆ ಹೆಣ್ಣುಮಕ್ಕಳು. ಅಂಕೋಲೆ ಕಡೆಯ ಸರಕು ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಕಲಘಟಗಿ ಸೀಮೆಗೆ ಬಂದಿಳಿಯುತ್ತದೆ. ಕೊಕ್ಕೆಯಂತೆ ಬಾಗಿದ ಸಿಗಡಿ. ಸೀಳಿದ ಹೊಟ್ಟೆಯಲ್ಲಿ ಉಪ್ಪು ಹರಳುಗಟ್ಟಿದ ಬಂಗಡೆ. ಇವುಗಳ ಹೆಸರು ಕೇಳಬೇಕಿಲ್ಲ. ಮೂಲೆಯಲ್ಲಿರುವ ಕಂದು ತುಂಡುಗಳದ್ದೇ ತಕರಾರು.

“ಯಕ್ಕಾ, ಇದ್ಯಾವ್ದ?”

“ಮೋರಿರೀ. ಕಾರವಾರದ್ದ ಐತಿ, ಒಯ್ಯರಿ.”

ಮೋರಿ ಎಂದರೆ ಶಾರ್ಕ್. ಆದರೆ ಯಾವ ಶಾರ್ಕ್? ತಲೆಯಿಲ್ಲ, ಬಾಲವಿಲ್ಲ, ರೆಕ್ಕೆ ಮೊದಲೇ ಹೋಗಿದೆ. ಈ ಬುಟ್ಟಿಯ ಮೇಲೆ ನನಗೆ ಅನುಮಾನವೇನಿಲ್ಲ. ತಿನ್ನಲು ಅಡ್ಡಿಯಿಲ್ಲದ ಶಾರ್ಕ್‌ಗಳೂ ಬೇಕಾದಷ್ಟಿವೆ. ಆದರೆ ತಿಮಿಂಗಿಲ ಶಾರ್ಕಿಗೆ 2001ರಿಂದ ನಮ್ಮ ಕಾನೂನಿನಲ್ಲಿ ಹುಲಿಯ ಸಾಲಿನಲ್ಲೇ ರಕ್ಷಣೆಯಿದೆ. ತುಂಡಾಗಿ ಒಣಗಿದ ಮೇಲೆ ಅದನ್ನು ಕಣ್ಣಿನಿಂದ ಗುರುತಿಸುವುದು ಯಾರಿಗೂ ಸುಲಭವಲ್ಲ.

ಪ್ರಯೋಗಾಲಯಕ್ಕೆ ಉಗುರಿನ ತುದಿಯಷ್ಟು ಮಾಂಸ ಸಾಕು. ಜೀವಕೋಶ ಒಡೆದು ಡಿಎನ್‌ಎ ಬೇರ್ಪಡಿಸುತ್ತಾರೆ. ಕೊರೊನಾ ಕಾಲದಲ್ಲಿ ಹಳ್ಳಿಹಳ್ಳಿಗೂ ಪರಿಚಯವಾದ ಪಿಸಿಆರ್‌ನಿಂದಲೇ ಒಂದು ತುಣುಕನ್ನು ಕೋಟಿಗಟ್ಟಲೆ ಮಾಡುತ್ತಾರೆ. ಕೆನಡಾದ ಪಾಲ್ ಹೆಬರ್ಟ್ ತಂಡ 2003ರಲ್ಲಿ ಸೂಚಿಸಿದ ತುಣುಕು ಅದು: ಮೈಟೊಕಾಂಡ್ರಿಯದ ಸಿಒಐ ಜೀನಿನ ಸುಮಾರು 650 ಅಕ್ಷರಗಳು. ಒಂದೊಂದು ಜೀವಕೋಶದಲ್ಲೂ ಅದರ ಪ್ರತಿಗಳು ನೂರಾರು ಇರುವುದರಿಂದ ಉಪ್ಪು, ಬಿಸಿಲು ತಿಂದ ಮೇಲೂ ಕೆಲವು ಉಳಿದಿರುತ್ತವೆ. ಸಾರಿನಲ್ಲಿ ಕುದ್ದು ಚೂರಾಗಿದ್ದರೆ ಇನ್ನೂ ಗಿಡ್ಡ ತುಣುಕನ್ನು ಓದುತ್ತಾರೆ. ಓದಿದ್ದನ್ನು ಜಗತ್ತಿನ ದತ್ತಕೋಶದೊಂದಿಗೆ ತಾಳೆ ನೋಡಿದರೆ ಜಾತಿ ತಿಳಿಯುತ್ತದೆ. ಅಲ್ಲಿ ದಾಖಲಾಗದ ಮೀನು ಮಾತ್ರ ಅನಾಮಿಕವಾಗಿಯೇ ಉಳಿಯುತ್ತದೆ.

ಅಕ್ಕ ಹೇಳಿದ “ಮೋರಿ”ಯನ್ನು ಹೀಗೆ ಪರೀಕ್ಷಿಸಬಹುದು. “ಕಾರವಾರದ್ದ” ಎಂಬುದು ಕಠಿಣ. ಜಾತಿ ಒಂದೇ ಆದರೂ ಕಡಲು ಬೇರೆಯಾಗಬಹುದಲ್ಲ! ಅದಕ್ಕೆ ಒಂದು ಜೀನು ಸಾಲದು, ಊರೂರಿನ ಮೀನುಗಳ ಜೀನೋಮನ್ನೇ ಹೋಲಿಸಬೇಕು. ತಾರ್ಲಿಯ, ಅಂದರೆ ಮಂಗಳೂರಿನವರ ಭೂತಾಯಿಯ, ವಿಷಯದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಕೆಲಸಕ್ಕೆ ಇಳಿದಿದ್ದಾರೆ. ಒಮಾನ್ ಕಡೆಯ ತಾರ್ಲಿಯೂ ನಮ್ಮ ಕರಾವಳಿಯದೂ ನೋಡಲು ಒಂದೇ. ವಂಶವಾಹಿಯಲ್ಲಿ ಮಾತ್ರ ಎರಡು ಬೇರೆ ಬಳಗ. 2023ರಲ್ಲಿ ಸಂಸ್ಥೆ ಅದರ ಇಡೀ ಜೀನೋಮನ್ನೇ ಬಿಡಿಸಿತು. ಮೋರಿಯ ಊರು ಹೇಳಬೇಕಾದರೂ ಕಡಲುಕಡಲಿನ ಮೋರಿಗಳನ್ನು ಹೀಗೆಯೇ ಓದಿಟ್ಟಿರಬೇಕು. ಅಲ್ಲಿಯವರೆಗೆ ಬುಟ್ಟಿಯ ಅಕ್ಕನ ಮಾತೇ ಪ್ರಮಾಣ.